ಮೂಲೆಮನೆಯ ಅಡಿಕೆ

ಇದನ್ನು ಹೇಳಬೇಕೆಂದು ಎಷ್ಟು ಸಲ ಕೂತಿದ್ದೇನೋ ಅಷ್ಟೇ ಸಲ ಎದ್ದಿದ್ದೇನೆ. ಮೊದಲು ಕಣ್ಣಿನ ಪೊರೆ ತೆಗೆಸಿದ ಮೇಲೆ ಬರೆಯೋಣ ಅಂದುಕೊಂಡೆ. ತೆಗೆಸಿದ್ದಾಯಿತು. ಆಮೇಲೆ ಈ ಮಳೆಗಾಲ ಕಳೆಯಲಿ ಅಂದೆ. ಅದು ಕಳೆದು ಇನ್ನೊಂದು ಬಂತು. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದವನಿಗೆ ಬರವಣಿಗೆ ಯಾಕೆ ಎಂಬ ನೆಪವೂ ಇತ್ತು. ಸುಳ್ಳು ಹೇಳುವಾಗ ನನ್ನ ಓದು ಕಡಿಮೆಯಾಯಿತು ಅಂತ ನನಗೆ ಅನ್ನಿಸಿರಲಿಲ್ಲ. ನಿಜ ಹೇಳುವಾಗ ಮಾತ್ರ ಯಾಕೆ ಅನ್ನಿಸಬೇಕು?

ಕಳೆದ ತಿಂಗಳು ಹೊಸಹೊಳಲಿನಲ್ಲಿ ನನ್ನ ಹೆಂಡತಿಯ ಅಣ್ಣ ತೀರಿಕೊಂಡ. ಅಸ್ಥಿ ಬಿಡುವುದಕ್ಕೆ ಮನೆಯವರೆಲ್ಲ ಶ್ರೀರಂಗಪಟ್ಟಣಕ್ಕೆ ಹೊರಟಾಗ ನಾನೂ ಹೋದೆ. ಅವರು ಕೆಳಗೆ ನೀರಿನಲ್ಲಿ ನಿಂತು ಕಾರ್ಯ ಮಾಡುತ್ತಿದ್ದರು. ನನಗೆ ಮಂಡಿ ನೋವು, ಮೇಲಿನ ಮೆಟ್ಟಿಲ ಮೇಲೆ ಕೂತೆ. ಹೊಸ ನೀರು ಬಂದಿತ್ತು. ಒಣಗಿದ್ದ ಮೆಕ್ಕಲು ಮಣ್ಣಿಗೆ ನೀರು ಹತ್ತಿದಾಗ ಬರುವ ಒಂದು ವಾಸನೆ ಇದೆ, ಹಸಿ, ಸ್ವಲ್ಪ ಮೀನು, ಸ್ವಲ್ಪ ಕೊಳೆತ ಸೊಪ್ಪು. ಆ ವಾಸನೆಗೆ ಅಲ್ಲಿ ಕೂರಲಾಗಲಿಲ್ಲ. ಕೈಯೂರಿ ಏಳೋಣ ಅಂತ ಪಕ್ಕಕ್ಕೆ ನೋಡಿದರೆ, ನಾನು ಕೈ ಇಟ್ಟ ಕಲ್ಲಿನ ಮೇಲೆ ಯಾರೋ ಯಾವ ಕಾಲದಲ್ಲೋ ಚೌಕಾಬಾರದ ಮನೆ ಕೆತ್ತಿದ್ದರು. ಅಡ್ಡಕ್ಕೆ ಐದು, ಉದ್ದಕ್ಕೆ ಐದು. ನನ್ನ ಹೆಬ್ಬೆರಳು ಸರಿಯಾಗಿ ಮೂಲೆಮನೆಯಲ್ಲಿ ಇತ್ತು.

ಊರಿಗೆ ಬಂದವನೇ ಬರೆಯುವುದಕ್ಕೆ ಕೂತೆ. ಈ ಸಲ ಏಳಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಒಂದು ಬೇಸಿಗೆ ಅದು. ಪಾಂಡವಪುರ ತಾಲ್ಲೂಕಿನಲ್ಲಿ ದೊಡ್ಡ ನಾಲೆಯಿಂದ ಒಡೆದ ಒಂದು ಸೀಳುನಾಲೆಗೆ ಕಾಂಕ್ರೀಟು ಹಾಕುವ ಕೆಲಸ. ಮಣ್ಣಿನ ನಾಲೆ, ಹೂಳು ತುಂಬಿ, ದಡದಲ್ಲಿ ಏಡಿ ಬಿಲ ಕೊರೆದು, ಬಿಟ್ಟ ನೀರಿನಲ್ಲಿ ಅರ್ಧದಷ್ಟು ದಾರಿಯಲ್ಲೇ ಇಂಗಿಹೋಗುತ್ತಿತ್ತು. ನಾಲೆಗೆ ನೀರು ನಿಲ್ಲಿಸಿದ ತಿಂಗಳುಗಳಲ್ಲಿ ತಳ, ಇಳಿಜಾರು ಎಲ್ಲ ಸವರಿ ಕಾಂಕ್ರೀಟು ಮುಗಿಸಿ, ಮಳೆಗಾಲದ ಬೆಳೆಗೆ ನೀರು ಬಿಡುವ ಹೊತ್ತಿಗೆ ಕೈ ತೊಳೆದುಕೊಳ್ಳಬೇಕು. ಕಂಟ್ರಾಕ್ಟರು ಮಂಡ್ಯದವರು. ನಾವು ಸಾವ್ಕಾರ್ರು ಅನ್ನುತ್ತಿದ್ದೆವು. ನಾನು ಅವರ ಹಳೆಯ ಮೇಸ್ತ್ರಿ.

ಆ ವರ್ಷ ನಾನು ಒಬ್ಬಂಟಿಯಾಗಿದ್ದೆ. ನನ್ನ ಹೆಂಡತಿ ಜಯಮ್ಮ ಹಿಂದಿನ ವರ್ಷ ಹೋಗಿದ್ದಳು. ಮಕ್ಕಳಿಲ್ಲ. ಸಂತೆಬಾಚಹಳ್ಳಿಯ ಮನೆಗೆ ಬೀಗ ಹಾಕಿ, ಬೀಗದ ಕೈ ತಮ್ಮನ ಮನೆಯಲ್ಲಿ ಕೊಟ್ಟು, ನಾಲೆ ಏರಿಯ ತಗಡಿನ ಶೆಡ್ಡಿನಲ್ಲೇ ಇದ್ದುಬಿಟ್ಟೆ. ಹಗಲು ಕೆಲಸವಿರುತ್ತಿತ್ತು. ಸಂಜೆ ಕೂಲಿಯವರು ಟ್ರಾಕ್ಟರು ಹತ್ತಿ ಹೋದ ಮೇಲೆ ಅವರು ಎಬ್ಬಿಸಿದ ಧೂಳು ಕೂರುವ ತನಕ ನೋಡುತ್ತಿದ್ದೆ. ಆಮೇಲೆ ಒಲೆ ಹಚ್ಚಿ ಮುದ್ದೆಗೆ ಎಸರು ಇಡುವುದು. ಒಬ್ಬನಿಗೆ ಆಗುವಷ್ಟು ಹಿಟ್ಟಿಗೆ ಪಾತ್ರೆ ಯಾವಾಗಲೂ ದೊಡ್ಡದೇ. ಕೋಲು ತಿರುಗಿಸಿದರೆ ತಳಕ್ಕೆ ಬಡಿದು ಟಣಟಣ ಅನ್ನುತ್ತಿತ್ತು. ಅಷ್ಟು ಹೊತ್ತಿನಲ್ಲಿ ಆ ಬಯಲಿನಲ್ಲಿ ಅದೊಂದೇ ಸದ್ದು. ಗದ್ದೆಗಳು ಬಿರುಕು ಬಿಟ್ಟು ಬಿದ್ದಿದ್ದವು. ದೂರದ ಆಲೆಮನೆಯಿಂದ ಕಬ್ಬಿನ ಹಾಲು ಕಾಯುವ ವಾಸನೆ ಬರುತ್ತಿತ್ತು. ಮಾತಾಡುವವರು ಇಲ್ಲದಿದ್ದಾಗ ಸಿಹಿ ವಾಸನೆಯೂ ಹಿಂಸೆಯೇ.

ಜಯಮ್ಮನ ವಿಚಾರ ಒಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವಳು ಹೋಗುವ ಮೊದಲಿನ ಯುಗಾದಿಯ ದಿನ ಬೇವು ಬೆಲ್ಲ ಕೈಗೆ ಹಾಕುತ್ತಾ, "ಬರೋ ಯುಗಾದಿಗೆ ಕೊಡಾಕೆ ನಾನಿರ್ತೀನೋ ಇಲ್ವೋ, ನೆಟ್ಟಗೆ ತಿನ್ನಿ" ಅಂದಿದ್ದಳು. ತಮಾಷೆಗೆ. ನಮ್ಮಲ್ಲಿ ಯಾರಾದರೂ ಅಂಥ ಮಾತಾಡಿದರೆ ತಕ್ಷಣ "ಬಿಡ್ತು ಅನ್ನು" ಅಂತ ಗದರಬೇಕು, ಆಡಿದವರು "ಬಿಡ್ತು" ಅನ್ನಬೇಕು. ಆಡಿದ ಮಾತು ಅಲ್ಲಿಗೆ ವಾಪಸ್ಸು ಹೋದಂತೆ. ನನ್ನ ಬಾಯಲ್ಲಿ ಬೇವು ಇತ್ತು, ನಗು ಬೇರೆ ಬಂತು. ನಾನು ಗದರಲಿಲ್ಲ, ಅವಳು ಅನ್ನಲಿಲ್ಲ. ಆ ತಿಂಗಳು ಕಳೆಯುವ ಮೊದಲೇ ಕೊಟ್ಟಿಗೆಯಲ್ಲಿ ಕುಸಿದಳು. ಎತ್ತಿಕೊಳ್ಳುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಅದು ಮಾತಿನಿಂದ ಆದದ್ದಲ್ಲ, ಹೃದಯದಿಂದ ಆದದ್ದು ಅಂತ ಡಾಕ್ಟರು ಹೇಳಿದರು. ಡಾಕ್ಟರ ಮಾತು ತಲೆಗೆ ಹೋಯಿತು, ಹೊಟ್ಟೆಗೆ ಇಳಿಯಲಿಲ್ಲ.

ಕೆಲಸ ಶುರುವಾದ ಕೆಲವು ದಿನಕ್ಕೆ ಸೈಟಿಗೆ ಒಬ್ಬ ಇಂಜಿನಿಯರು ಬಂದಳು. ನಾಗಮಂಗಲದ ಹುಡುಗಿ. ಓದು ಮುಗಿಸಿ ಅದೇ ಮೊದಲ ಕೆಲಸ. ಪಾಂಡವಪುರದಲ್ಲಿ ರೂಮು ಹಿಡಿದು ಸ್ಕೂಟರಿನಲ್ಲಿ ಬರುತ್ತಿದ್ದಳು. ಕೂಲಿಯವರಿಗೆಲ್ಲ ಅವಳು ಮೇಡಮ್ಮು. ನಾನೂ ಹಾಗೇ ಕರೆದೆ. ಅವಳು ಮೊದಲ ದಿನವೇ ನನ್ನನ್ನು ದೊಡ್ಡಪ್ಪ ಅಂದಳು. ನನ್ನ ಫೋನು ಇಸಿದುಕೊಂಡು ತನ್ನ ನಂಬರು ತಾನೇ ಒತ್ತಿ, ಹೆಸರನ್ನು ಕನ್ನಡದಲ್ಲಿ ಹಾಕಿಕೊಟ್ಟಳು. "ನಿಮಗೆ ಓದೋಕೆ ಸುಲಭವಾಗ್ಲಿ ಅಂತ" ಅಂದಳು.

ಮಾರನೆಯ ಬೆಳಿಗ್ಗೆ ಎಲ್ಲರನ್ನೂ ಶೆಡ್ಡಿಗೆ ಕರೆದಳು.

"ಈ ಕೆಲಸ ಯಾವ್ಯಾವುದರಿಂದ ಕೆಡಬಹುದು? ಎಲ್ಲಾರೂ ಒಂದೊಂದು ಹೇಳಿ."

ಮೊದಲು ಬಾಯಿ ತೆಗೆದವಳು ಸಣ್ಣಮ್ಮ. ಅವಳು ನನ್ನ ಓರಗೆಯವಳು, ಹೆಣ್ಣಾಳುಗಳಿಗೆಲ್ಲ ಹಿರಿಯಳು.

"ಅಯ್, ಸುಮ್ಕಿರವ್ವ. ಒತ್ತಾರೆಗೆ ಕೆಟ್ಟದ್ದ ನುಡಿಸ್ತೀಯಲ್ಲ. ಮ್ಯಾಲೆ ಅಸ್ತು ದ್ಯಾವತೆಗೋಳು ತಿರುಗ್ತಿರ್ತವೆ. ಅಸ್ತು ಅಂದ್ಬುಟ್ರೆ?"

"ನಾವು ಹೇಳ್ದೇ ಇದ್ರೆ ಬರೋದು ಬರಲ್ವಾ ಅಜ್ಜಿ?"

"ಅಜ್ಜಿಯಾ? ನಂಗೇನ್ ಅಂತಾ ವಯಸ್ಸಾಗದೆ? ಮೇಸ್ತ್ರಿಯ ತಾತ ಅನ್ನು ಬೇಕಾರೆ."

ಎಲ್ಲರೂ ನಕ್ಕರು. ಹುಡುಗಿ ನಗುತ್ತಲೇ ಸೀಮೆಸುಣ್ಣ ತೆಗೆದು ಶೆಡ್ಡಿನ ಸಿಮೆಂಟು ನೆಲದ ಮೇಲೆ ಗೆರೆ ಎಳೆದಳು. ಅಡ್ಡಕ್ಕೆ ಐದು ಮನೆ, ಉದ್ದಕ್ಕೆ ಐದು ಮನೆ.

"ಚೌಕಾಬಾರ ಕಣ್ರಲಾ!" ಅಂದಳು ಸಣ್ಣಮ್ಮ.

"ಅದೇ ಅಂದ್ಕೊಳ್ಳಿ. ಈ ಕಡೆಯಿಂದ ಆ ಕಡೆಗೆ ಹೋದಷ್ಟೂ ಅದು ಆಗೋ ಸಂಭವ ಜಾಸ್ತಿ. ಕೆಳಗಿಂದ ಮೇಲಕ್ಕೆ ಹೋದಷ್ಟೂ, ಆದ್ರೆ ಬೀಳೋ ಏಟು ಜಾಸ್ತಿ. ಎರಡೂ ಜಾಸ್ತಿ ಇರೋದು ಈ ಮೂಲೆಮನೆ. ಇಲ್ಲಿರೋ ಕಾಯಿಯನ್ನ ಮೊದಲು ನೋಡ್ಬೇಕು. ಅದಕ್ಕೆ ಏನಾದ್ರೂ ಉಪಾಯ ಮಾಡಿ ಹಿಂದಕ್ಕೆ ತಳ್ಳಬೇಕು. ಎಲ್ಲಕ್ಕೂ ಒಂದೇ ಸಲ ಹೆದರೋಕಾಗಲ್ಲ. ಯಾವುದಕ್ಕೆ ಮೊದಲು ಹೆದರಬೇಕು ಅಂತ ಗೊತ್ತಿರಬೇಕು, ಅಷ್ಟೇ."

ಮಾತಿನಲ್ಲಿ ಕೇಳಿದರೆ ಅಪಶಕುನ. ಆಟವಾದ ಮೇಲೆ ಯಾರಿಗೂ ಭಯವಿರಲಿಲ್ಲ. ದನ ನುಗ್ಗಿ ಹಸಿ ಕಾಂಕ್ರೀಟು ತುಳಿದರೆ? ಅದಕ್ಕೆ ಕಾಯಿಯಾಗಿ ಬೆರಣಿಯ ಒಂದು ಚೂರು ಬಂದು ಕೂತಿತು. ಅದು ದಿನಾ ಆಗುವಂಥದ್ದು, ಏಟು ಮಾತ್ರ ಚಿಕ್ಕದು. ಕಬ್ಬಿನ ಲಾರಿಗಳು ಏರಿ ರಸ್ತೆ ಕಟ್ಟಿಕೊಂಡು ಸಿಮೆಂಟು ಬರದಿದ್ದರೆ? ಕಬ್ಬಿನ ಗಿಣ್ಣು. ಮಿಕ್ಸರು ಕೆಟ್ಟರೆ ಅದರದೇ ಒಂದು ತುಕ್ಕು ಹಿಡಿದ ನಟ್ಟು. ಅಕಾಲದ ಮಳೆಗೆ ನೀಲಿ ಬಾಟಲಿ ಮುಚ್ಚಳ. ಹೇಳದೆ ಕೇಳದೆ ನಾಲೆಗೆ ನೀರು ಬಿಟ್ಟುಬಿಟ್ಟರೆ? ಅದಕ್ಕೆ ಸಣ್ಣಮ್ಮ ತನ್ನ ಒಡೆದ ಹಸಿರು ಬಳೆಯ ಚೂರು ಕೊಟ್ಟಳು. ಅದು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹೋಯಿತು, ಸಂಭವ ಕಡಿಮೆಯೆಂದು ಎಡಗಡೆಗೆ.

"ಅದರ ಚಿಂತೆ ಬ್ಯಾಡಿ. ಮೇಲ್ಗಡೆ ಗೇಟ್ ನೋಡ್ಕೊಳ್ಳೋನು ನಮ್ಮೋನೇ. ನೀರ್ ಬುಡೋ ಮುಂಚೆ ನಂಗ್ ಒಂದ್ ಫೋನ್ ಹಾಕ್ತಾನೆ. ಕಾಗದ ಗೀಗದ ಬರೋದೆಲ್ಲ ಆಮ್ಯಾಕೆ" ಅಂದೆ ನಾನು.

ದಿನಾ ಬೆಳಿಗ್ಗೆ ಆ ಆಟ ನಡೆಯತೊಡಗಿತು. ಜಾಲಿಮುಳ್ಳಿನ ಬೇಲಿ ಕಟ್ಟಿದ ಮೇಲೆ ಬೆರಣಿ ಒಂದು ಮನೆ ಹಿಂದಕ್ಕೆ ಬಂತು. ಸಿಮೆಂಟನ್ನು ಬೆಳಕು ಹರಿಯುವ ಮುಂಚೆ ತರಿಸಿದ ಮೇಲೆ ಕಬ್ಬಿನ ಗಿಣ್ಣು ಎರಡು ಮನೆ. ನನಗೆ ಆ ಹುಡುಗಿಯ ದಾರಿ ಕಾಯುವುದು ಅಭ್ಯಾಸವಾಯಿತು. ಸ್ಕೂಟರಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದೆ. ತಡವಾಗಿ ಬಂದರೆ, "ಎಲ್ಲಿಗ್ ಓಗಿದ್ದೆ?" ಅಂತ ಕೇಳುತ್ತಿದ್ದೆ, ಮನೆಯ ಮಗಳನ್ನು ಕೇಳುವ ಹಾಗೆ. ಅವಳೂ ಮನೆಯವರಿಗೆ ಹೇಳುವ ಹಾಗೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಎಲ್ಲ ಕಾಯಿಗಳನ್ನೂ ನೋಡಿದ ಮೇಲೆ ನನ್ನ ಕಡೆ ಕೈ ಚಾಚಿದಳು.

"ದೊಡ್ಡಪ್ಪ, ಒಂದು ಅಡಿಕೆ ಕೊಡಿ."

ನಾನು ಎಲೆಅಡಿಕೆ ಚೀಲ ಬಿಚ್ಚಿ ಖುಷಿಯಿಂದ ಒಂದು ಬಟ್ಟಲಡಿಕೆ ಕೊಟ್ಟೆ. ಅವಳು ಅದನ್ನು ತಿನ್ನಲಿಲ್ಲ. ಮೂಲೆಮನೆಯಲ್ಲಿ ಇಟ್ಟಳು.

"ಇದು ನೀವು."

"ನಾನಾ?"

"ಗೇಟಿನವರ ಫೋನು ಬರೋದು ನಿಮಗೊಬ್ಬರಿಗೆ. ಯಾವ ತೂಬು ಎಲ್ಲಿ ಹೂತಿದೆ, ನೀರು ಬಂದ್ರೆ ಪಕ್ಕದ ಹಳ್ಳಕ್ಕೆ ಎಲ್ಲಿ ತಿರುಗಿಸ್ಬೇಕು, ಎಲ್ಲಾ ನಿಮ್ಮ ತಲೆಯಲ್ಲಿ. ನಿಮಗೆ ಏನಾದ್ರೂ ಆಗಿಹೋದ್ರೆ? ನಿಮ್ಮ ವಯಸ್ಸಿಗೆ ಸಂಭವ ಕಡಿಮೆ ಅನ್ನೋಕಾಗಲ್ಲ. ಏಟಂತೂ..."

ಮುಂದಿನದು ನನಗೆ ಕೇಳಿಸಲಿಲ್ಲ. ಬೇವಿನ ಕಹಿ ನಾಲಗೆಗೆ ಬಂದಂತಾಯಿತು.

"ಬುಡ್ತು ಅನ್ನು" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ದೊಡ್ಡಪ್ಪ, ನಾನು ಹೇಳಿದ್ದು..."

"ಬುಡ್ತು ಅನ್ನು ಮೊದ್ಲು!"

ಸಣ್ಣಮ್ಮ ಮೆಲ್ಲಗೆ, "ಅನ್ಬುಡವ್ವ, ಒಳ್ಳೇದು" ಅಂದಳು. ಹುಡುಗಿಯ ಮುಖ ಕೆಂಪಾಗಿತ್ತು. "ಬಿಡ್ತು" ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಗೇಟಿನವರಿಗೆ ನನ್ನ ನಂಬರೂ ಒಂದು ಕೊಟ್ಟಿರಿ ದೊಡ್ಡಪ್ಪ. ಅಷ್ಟೇ ನಾನು ಕೇಳೋಕೆ ಬಂದದ್ದು" ಅಂದಳು.

ನಾನು ಬಗ್ಗಿ ಆ ಅಡಿಕೆ ಎತ್ತಿ ಬಾಯಿಗೆ ಹಾಕಿ ಕಟಕಟ ಅಗಿದೆ.

"ಮೇಡಮ್ಮಿನ ರಿಸ್ಕ ಮೇಸ್ತ್ರಿ ತಿಂದ್ಬುಟ್ಟ!" ಅಂತ ಯಾರೋ ಕೂಗಿದರು. ಎಲ್ಲರೂ ಹೋ ಎಂದು ನಕ್ಕರು. ಅವಳೂ ಸ್ವಲ್ಪ ನಕ್ಕಳು. ನಂಬರು ಕೊಡುವ ಮಾತು ಆ ನಗುವಿನಲ್ಲಿ ಹೋಯಿತು. ನಾನು ಅದನ್ನು ಮರೆಯಲಿಲ್ಲ. ಬೇಕೆಂದೇ ಕೊಡಲಿಲ್ಲ. ಕೊಟ್ಟರೆ ನಾನು ಸಾಯುವವನೆಂದು ಒಪ್ಪಿಕೊಂಡಂತೆ ಅನ್ನಿಸಿತ್ತು.

ಯುಗಾದಿ ಕಳೆಯಿತು. ಜಯಮ್ಮನ ವರ್ಷದ ಕಾರ್ಯ ಬಂತು. ಊರಿಗೆ ಹೋಗುತ್ತೇನೆ ಅಂದರೆ ಯಾಕೆ ಅಂತ ಕೇಳುತ್ತಾರೆ, ಹೇಳಬೇಕಾಗುತ್ತದೆ, ಮರುಕ ಪಡುತ್ತಾರೆ. ಅದೆಲ್ಲ ಬೇಡವೆಂದು, ಪಾಂಡವಪುರಕ್ಕೆ ಹೋಗಿ ಕಟ್ಟುವ ತಂತಿ ತರುತ್ತೇನೆ ಅಂತ ಸಣ್ಣಮ್ಮನಿಗೆ ಹೇಳಿ ಮಧ್ಯಾಹ್ನ ಹೊರಟೆ. ಹುಡುಗಿ ಆಗ ನಾಲೆಯ ಆ ತುದಿಯಲ್ಲಿದ್ದಳು. ಅವಳಿಗೆ ಹೇಳಲಿಲ್ಲ.

ಕೆ.ಆರ್. ಪೇಟೆ ಬಸ್ಸಿನಲ್ಲಿ ಕೂತಿದ್ದಾಗ ಫೋನು ಬಂತು. ಗೇಟಿನವನು.

"ಮೇಸ್ತ್ರಿ, ಕೆಳಗಿನೂರ್ಗಳಲ್ಲಿ ದನಕರೀಗೆ ನೀರಿಲ್ವಂತೆ. ಕೆರೆ ತುಂಬ್ಸಾಕೆ ನಾಳೆ ಎರಡ್ ದಿನದ್ ಮಟ್ಗೆ ನೀರ್ ಬುಡ್ತಾವ್ರೆ. ಈಗ್ಲೇ ಯೋಳವ್ರೆ. ನಾ ಒತ್ತಾರೆಗೇ ಗೇಟ್ ಎತ್ತಬೇಕು. ನಿಮ್ಮೋರ್ನೆಲ್ಲ ಮೇಲಕ್ಕೆ ಅತ್ತುಸ್ಕೊಳ್ಳಿ."

"ಆಯ್ತು ಬುಡು, ನೋಡ್ಕತೀನಿ" ಅಂದೆ.

ಫೋನು ಕೈಯಲ್ಲೇ ಇತ್ತು. ಅವಳ ಹೆಸರು ತೆಗೆದೆ. ಕನ್ನಡದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಒತ್ತಿದರೆ ಮುಗಿಯುತ್ತಿತ್ತು. ಒತ್ತಿದರೆ, ನೀವೆಲ್ಲಿದ್ದೀರಿ ದೊಡ್ಡಪ್ಪ ಅನ್ನುತ್ತಾಳೆ. ನಾನು ಸೈಟಿನಲ್ಲಿಲ್ಲ ಅನ್ನಬೇಕು. ಆ ಅಡಿಕೆ ಇಟ್ಟ ಮನೆ ಸರಿಯಾಗಿತ್ತು ಅಂತ ನನ್ನ ಬಾಯಿಂದಲೇ ಹೇಳಿದಂತೆ. ಸಂಜೆ ಬಸ್ಸಿಗೆ ವಾಪಸ್ಸು ಹೋಗಿ ನಾನೇ ಎಲ್ಲ ಮಾಡಿಸಿದರಾಯಿತು ಅಂದುಕೊಂಡೆ. ಫೋನು ಜೇಬಿಗೆ ಹಾಕಿದೆ.

ಊರಿನಲ್ಲಿ ಹೊಲದ ಬದಿಯ ಅವಳ ಸಮಾಧಿಗೆ ಎಡೆ ಇಟ್ಟರು. ಎಲ್ಲರೂ ಎದ್ದು ಹೋದ ಮೇಲೂ ಕೂತೇ ಇದ್ದೆ. ಎಷ್ಟೋ ತಿಂಗಳ ಅಳು ಒಟ್ಟಿಗೆ ಬಂತು. ಕೆ.ಆರ್. ಪೇಟೆಗೆ ಬಂದಾಗ ಪಾಂಡವಪುರದ ಕೊನೆಯ ಬಸ್ಸು ಹೋಗಿತ್ತು. ಆಗಲೂ ಫೋನು ಇತ್ತು. ನಾನು ಲೆಕ್ಕ ಹಾಕಿಕೊಂಡೆ: ಬೆಳಿಗ್ಗೆ ಗೇಟು ಎತ್ತಿದರೆ ನಮ್ಮ ಸೈಟಿಗೆ ನೀರು ಬರುವುದು ಮಧ್ಯಾಹ್ನದ ಹೊತ್ತಿಗೆ. ಮೊದಲ ಬಸ್ಸಿಗೆ ಹೋದರೂ ಸಮಯವಿದೆ.

ಅದು ಹಳೆಯ ಮಣ್ಣಿನ ನಾಲೆಯ ಲೆಕ್ಕ. ಜೊಂಡು, ಹೂಳು, ಗುಂಡಿಗಳಲ್ಲಿ ತಡೆದು ತಡೆದು ನೀರು ಬರುತ್ತಿದ್ದ ಕಾಲದ್ದು. ಮೇಲಿನಿಂದ ನಮ್ಮ ಸೈಟಿನವರೆಗೂ ನಾನೇ ನಿಂತು ಕಾಂಕ್ರೀಟು ಹಾಕಿಸಿ, ಅಂಗೈಯಷ್ಟು ನುಣುಪು ಮಾಡಿಸಿದ್ದೆ. ನುಣುಪಾದ ನಾಲೆಯಲ್ಲಿ ನೀರು ಓಡುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಅದು ಓಡಲಿ ಎಂದೇ ಅಷ್ಟು ದುಡ್ಡು ಸುರಿದು ಆ ಕೆಲಸ ಮಾಡುತ್ತಿದ್ದದ್ದು.

ನಾನು ಏರಿಯ ಮೇಲೆ ಬಂದಾಗ ಮೊದಲು ಆ ವಾಸನೆ ಬಂತು. ಒಣ ಮಣ್ಣಿಗೆ ನೀರು ಹತ್ತಿದ ವಾಸನೆ. ಆಮೇಲೆ ಕೂಗು. ಕೆಂಪು ನೀರು ನಾಲೆ ತುಂಬ ಹೋಗುತ್ತಿತ್ತು. ಹಿಂದಿನ ದಿನ ಹಾಕಿದ್ದ ಹಸಿ ಕಾಂಕ್ರೀಟು ಗಂಜಿಯಂತೆ ಕರಗಿಹೋಗಿತ್ತು. ಮಿಕ್ಸರು ಮಗುಚಿಕೊಂಡು ಬಿದ್ದಿತ್ತು. ಬೆಳಗಿನ ತಂಪಿನಲ್ಲೇ ತಳಕ್ಕೆ ಇಳಿದಿದ್ದ ಹೆಣ್ಣಾಳುಗಳು ಸದ್ದು ಕೇಳಿ ಹತ್ತಿಕೊಂಡಿದ್ದರು. ಸಣ್ಣಮ್ಮ ಬಾಂಡಲಿ ಬಿಟ್ಟುಬರಲಾರದೆ ತಡಮಾಡಿದ್ದಳು. ಹುಡುಗಿ ಮತ್ತೆ ಇಳಿದು ಅವಳ ರಟ್ಟೆ ಹಿಡಿದು ಎಳೆದಿದ್ದಳು. ಜೀವ ಉಳಿಯಿತು. ಮಿಕ್ಸರಿಗೆ ಸಿಕ್ಕಿ ಸಣ್ಣಮ್ಮನ ಕಾಲು ಮುರಿಯಿತು. ನಾನು ಹೋಗುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಹುಡುಗಿ ಸೊಂಟದವರೆಗೆ ನೆಂದು ಏರಿಯ ಮೇಲೆ ನಿಂತಿದ್ದಳು. ನನ್ನನ್ನು ಕಂಡವಳೇ ಓಡಿ ಬಂದು ಎರಡೂ ಕೈ ಹಿಡಿದುಕೊಂಡಳು.

"ದೊಡ್ಡಪ್ಪ, ನೀವು ಎಲ್ಲೋ ನೀರಲ್ಲಿ ಹೋಗ್ಬಿಟ್ರಿ ಅಂದ್ಕೊಂಡಿದ್ದೆ. ಸದ್ಯ."

ಅವಳು ಮೊದಲು ನೆನೆದದ್ದು ನನ್ನ ಜೀವವನ್ನು.

ಸಾವ್ಕಾರ್ರು ಮಂಡ್ಯದಿಂದ ಬಂದರು. ಶೆಡ್ಡಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನೆಲದ ಮೇಲೆ ಆ ಮನೆಗಳು ಇನ್ನೂ ಇದ್ದವು. ಅವರ ಬೂಟು ಹಸಿರು ಬಳೆಯ ಚೂರಿನ ಮೇಲಿತ್ತು.

"ಗೇಟಿನವನು ನಿನ್ನೆ ಮಧ್ಯಾಹ್ನವೇ ತಿಳಿಸಿದೀನಿ ಅಂತಾನೆ. ಏನ್ ತಮ್ಮಣ್ಣ?"

ತಮ್ಮಣ್ಣ ನಾನು. ಕೆಲಸ ಹೋದರೆ ಸೇರಬೇಕಾದ ಸಂತೆಬಾಚಹಳ್ಳಿಯ ಬೀಗ ಹಾಕಿದ ಮನೆ ಕಣ್ಣ ಮುಂದೆ ಬಂತು. ಕೊಟ್ಟಿಗೆ ಬಂತು. ದೊಡ್ಡ ಪಾತ್ರೆಯ ಟಣಟಣ ಬಂತು.

"ಬಂದಿತ್ತು ಸಾವ್ಕಾರ್ರೇ. ಮೇಡಮ್ಮಿಗೆ ಯೋಳ್ಬುಟ್ಟೇ ಓದೆ. ಎಂಡ್ತಿ ಕಾರ್ಯ ಇತ್ತು."

"ಫೋನಲ್ಲಿ ಹೇಳಿದ್ಯಾ?"

"ಇಲ್ಲ, ಬಾಯಲ್ಲೇ. ಶೆಡ್ ಮುಂದ್ಗಡೆ."

ಹುಡುಗಿ ನನ್ನ ಕಡೆ ತಿರುಗಿದಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. ನಾನು ಬೇರೆ ಯಾರ ವಿಚಾರವನ್ನೋ ಹೇಳುತ್ತಿದ್ದೇನೆ ಅನ್ನುವ ಹಾಗೆ ನೋಡಿದಳು.

"ಇಲ್ಲ ಸಾರ್, ನನಗೆ ಹೇಳಿಲ್ಲ. ದೊಡ್ಡಪ್ಪ, ನೀವು ಮರೆತಿರಬೇಕು. ಯೋಚನೆ ಮಾಡಿ."

"ಯೋಳಿದ್ದೆ ಕಣವ್ವ. ನೀನೇ ಮರ್ತಿದೀಯ."

"ನನ್ನ ಮುಖ ನೋಡ್ಕೊಂಡು ಹೇಳಿ."

ನೋಡಿದೆ. ನೋಡಿಕೊಂಡೇ ಹೇಳಿದೆ. "ಯೋಳಿದ್ದೆ."

ನಾನು ಹೊರಟದ್ದು ಹೇಗೆಂದು ಗೊತ್ತಿದ್ದವಳು ಸಣ್ಣಮ್ಮ ಒಬ್ಬಳೇ. ಅವಳು ಆಸ್ಪತ್ರೆಯಲ್ಲಿದ್ದಳು. ಉಳಿದವರು ನೆಲ ನೋಡುತ್ತಿದ್ದರು. ಸಾವ್ಕಾರ್ರಿಗೂ ಮೇಲಿನವರಿಗೆ ತೋರಿಸಲು ಒಬ್ಬರು ಬೇಕಿತ್ತು. ಬಹಳ ಕಾಲದಿಂದ ಜೊತೆಗಿದ್ದ ಮೇಸ್ತ್ರಿಗಿಂತ ನಿನ್ನೆ ಮೊನ್ನೆ ಬಂದ ಹುಡುಗಿ ಸುಲಭ.

"ನೆಲದ ಮೇಲೆ ಗೆರೆ ಎಳ್ಕಂಡು ಆಟ ಆಡ್ಕಂಡ್ ಕೂತಿದ್ರೆ ಇನ್ನೇನ್ ಆಯ್ತದೆ? ನಾಳೆಯಿಂದ ಬರಬೇಡಮ್ಮ" ಅಂದರು.

ಅವಳು ಅಳಲಿಲ್ಲ. ಬಾಗಿಲ ತನಕ ಹೋದವಳು ನಿಂತು, ನನ್ನ ಹತ್ತಿರ ಬಂದಳು. ಕೂಗಿ ಹೇಳಲಿಲ್ಲ. ನನಗೊಬ್ಬನಿಗೆ ಕೇಳುವ ಹಾಗೆ ಹೇಳಿದಳು.

"ನೀವು ಅನ್ನು ಅಂದಾಗ ನಾನು ಅಂದೆ ದೊಡ್ಡಪ್ಪ. ಈಗ ನೀವು ಬಿಡ್ತು ಅನ್ನಿ."

ನನ್ನ ಬಾಯಿ ತೆರೆಯಿತು. ಆ ಒಂದು ಮಾತು ನಾಲಗೆಯ ತುದಿಯವರೆಗೆ ಬಂದದ್ದು ನನಗೆ ಗೊತ್ತು. ಸಾವ್ಕಾರ್ರು "ಏನಂತೆ?" ಅಂದರು. "ಏನಿಲ್ಲ ಬುಡಿ" ಅಂದುಬಿಟ್ಟೆ.

ಸ್ಕೂಟರಿನ ಸದ್ದು ಏರಿಯ ಮೇಲೆ ಬಹಳ ದೂರದ ತನಕ ಕೇಳುತ್ತಿತ್ತು.

ಕೆಲಸ ಮುಗಿಯುವ ತನಕ ನಾನು ಅಲ್ಲೇ ಇದ್ದೆ. ಅಲ್ಲಿರುವುದಕ್ಕೆ ತಾನೇ ಸುಳ್ಳು ಹೇಳಿದ್ದು. ಆದರೆ ಯಾರೂ ನನ್ನೊಡನೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅಷ್ಟೇ. ಬುತ್ತಿ ಬಿಚ್ಚುವಾಗ ನನಗೆ ಬೆನ್ನು ಮಾಡಿ ಕೂರುತ್ತಿದ್ದರು. ನೆಲದ ಮೇಲಿನ ಗೆರೆಗಳನ್ನು ಯಾರೂ ಅಳಿಸಲಿಲ್ಲ. ಅವುಗಳ ಮೇಲೆ ಹಾಸಿಗೆ ಹಾಸಲು ಮನಸ್ಸಾಗದೆ ನಾನು ಗೋಡೆಯ ಕಡೆಗೆ ಸರಿದು ಮಲಗುತ್ತಿದ್ದೆ. ಬೆಳಿಗ್ಗೆ ಯಾವ ಗಾಡಿಯ ಸದ್ದು ಕೇಳಿದರೂ ಎದ್ದು ನಿಲ್ಲುವುದು ಮಾತ್ರ ಬಹಳ ದಿನ ಬಿಡಲಿಲ್ಲ. ಆವತ್ತಿನಿಂದ ಎಲೆಅಡಿಕೆ ಬಿಟ್ಟೆ. ಹಲ್ಲಿಗೋಸ್ಕರ ಅಂತ ಊರವರು ತಿಳಿದುಕೊಂಡಿದ್ದಾರೆ.

ಸಣ್ಣಮ್ಮನ ಹತ್ತಿರ ಒಂದೆರಡು ವರ್ಷದ ಮೇಲೆ ಹೋದೆ. ಅವಳ ಕಾಲು ಸೊಟ್ಟಕ್ಕೆ ಕೂಡಿತ್ತು. ಆ ಕಾಲನ್ನೇ ಮುಟ್ಟಿ ಎಲ್ಲ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಥೂ, ಏಳ್ ಮೇಲೆ. ನಂಗೊತ್ತಿಲ್ವಾ? ನಾ ಆಸ್ಪತ್ರೆಯಿಂದ ಬಂದೇಟ್ಗೆ ಸಾವ್ಕಾರ್ರಿಗೆ ಯೋಳ್ದೆ. ಆಗೋದಾಯ್ತು ಬುಡು ಅಂದ್ರು. ನನ್ ಕಾಲ್ಗ್ ಯಾಕ್ ಬೀಳ್ತೀಯ ಮೇಸ್ತ್ರಿ? ಈ ಕಾಲು ನೀರಿಂದ ಮುರೀತು. ಆ ಎಣ್ಣುಮಗ ನಿನ್ ಬಾಯಿಂದ ಮುರುದೋಯ್ತು. ಓಗು, ಅದರ್ ತಾವ ಓಗು."

ಆ ಹುಡುಗಿಗೆ ಜವಾಬ್ದಾರಿ ಇಲ್ಲವೆಂಬ ಮಾತು ಮಂಡ್ಯದ ಕಂಟ್ರಾಕ್ಟರುಗಳ ನಡುವೆ ಹರಡಿತ್ತಂತೆ. ಎಲ್ಲೂ ಕೆಲಸಕ್ಕೆ ಕರೆಯಲಿಲ್ಲವಂತೆ. ಇದನ್ನು ಹೇಳಿದವಳೂ ಸಣ್ಣಮ್ಮನೇ. ಅದರಾಚೆಗೆ ಅವಳಿಗೂ ಗೊತ್ತಿರಲಿಲ್ಲ.

ನಾಗಮಂಗಲಕ್ಕೆ ಒಂದು ಸಲ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಟೀ ಕುಡಿದು, ದೇವಸ್ಥಾನದ ಗೋಪುರ ಕಾಣುವ ತನಕ ನಡೆದೆ. ಆ ಊರ ದೇವರ ಹೆಸರಿನಲ್ಲೇ ಅವಳ ಹೆಸರೂ ಇದೆ. ಅಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಿದ್ದರೇನೋ. ಹೂವು ಮಾರುವವಳು, "ಯಾರ್ ಬೇಕಿತ್ತು ಯಜಮಾನ್ರೇ?" ಅಂದಳು. ಹೆಸರು ಹೇಳಲು ಬಾಯಿ ಬರಲಿಲ್ಲ. "ಯಾರೂ ಇಲ್ಲ" ಅಂದು ತಿರುಗಿ ಬಂದೆ. ಆ ಹಳೆಯ ಫೋನು ಪೆಟ್ಟಿಗೆಯಲ್ಲಿ ಇನ್ನೂ ಇದೆ. ನಂಬರು ಸತ್ತುಹೋಗಿದೆ. ಒತ್ತಿ ನೋಡಿದ್ದೇನೆ.

ಅವಳು ಕಲಿಸಿದ್ದನ್ನೇ ಹಿಡಿದು ಹೇಳುತ್ತೇನೆ. ನಾನು ಜನರ ಮರುಕಕ್ಕೆ ಹೆದರಿದೆ, ಸಾವಿಗೆ ಹೆದರಿದೆ, ಖಾಲಿ ಮನೆಗೆ ಹೆದರಿದೆ. ಮೊದಲು ಹೆದರಬೇಕಾಗಿದ್ದದ್ದು ನನ್ನ ಬಾಯಿಗೆ. ಅವಳು ಮೂಲೆಮನೆಯಲ್ಲಿ ನನ್ನನ್ನು ಇಟ್ಟದ್ದು ಸರಿಯಾಗಿತ್ತು, ಕಾರಣ ಮಾತ್ರ ಅವಳಿಗೂ ತಿಳಿದಿರಲಿಲ್ಲ.

ಶ್ರೀರಂಗಪಟ್ಟಣದ ಆ ಮೆಟ್ಟಿಲ ಮೇಲೆ ನಾನು ಒಂದು ಸಲ ಆ ಮಾತು ಅಂದೆ. ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅದು ಲೆಕ್ಕಕ್ಕಿಲ್ಲ. ಅವಳನ್ನು ಸಾವ್ಕಾರ್ರ ಮುಂದೆ, ಕೂಲಿಯವರ ಮುಂದೆ ಸುಳ್ಳುಗಾತಿ ಮಾಡಿದೆ. ಇದನ್ನೂ ಎಲ್ಲರಿಗೂ ಕೇಳುವ ಹಾಗೆಯೇ ಅನ್ನಬೇಕು. ಅದಕ್ಕೇ ಬರೆದೆ. ಅವಳು ಎಲ್ಲಿದ್ದರೂ, ಇದನ್ನು ಓದಲಿ ಓದದಿರಲಿ, ಓದಿದವರೆಲ್ಲ ಕೇಳಿಸಿಕೊಳ್ಳಿ. ನಾನು ಆ ಹುಡುಗಿಗೆ ಹೇಳಿರಲಿಲ್ಲ. ಹೇಳಿದ್ದೆ ಅಂದದ್ದು ಸುಳ್ಳು. ಆ ಮಾತು ಬಿಡ್ತು. ಬಿಡ್ತು ಕಣವ್ವ, ಸೌಮ್ಯಾ.